ಬೆನ್ನ ಕಡೆಯಿಂದ ಇಳಿದ ನೀರು: ರೇನ್ ಕವರ್ ಒಂದನ್ನೇ ನಂಬಿ ದೂರದ ಚಾರಣಕ್ಕೆ ಹೊರಡಬೇಡಿ

ಒಂಬತ್ತು ದಿನದ ಚಾರಣಕ್ಕೆಂದು ಕಟ್ಟಿದ ಬ್ಯಾಗ್. ತೂಕ 21 ಕೆಜಿ. ಹೊತ್ತವರ ಮೈತೂಕ 64 ಕೆಜಿ. ಮೂರನೆಯ ದಿನ ಬೆಳಗ್ಗೆ ಬಂದ ದಾರಿಯಲ್ಲೇ ವಾಪಸ್ ನಡೆಯಬೇಕಾಯಿತು. ದಾರಿ ತಪ್ಪಿರಲಿಲ್ಲ, ಬಿದ್ದು ಪೆಟ್ಟಾಗಿರಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಹಿಡಿದ ಮಳೆ ಐದು ಗಂಟೆ ಬಿಡಲಿಲ್ಲ, ಅಷ್ಟೇ. ಬ್ಯಾಗಿಗೆ ರೇನ್ ಕವರ್ ಹಾಕಿತ್ತು, ಅದು ಹರಿದೂ ಇರಲಿಲ್ಲ. ಆದರೂ ರಾತ್ರಿ ಟೆಂಟಿನೊಳಗೆ ಬಿಚ್ಚಿ ನೋಡಿದರೆ ಸ್ಲೀಪಿಂಗ್ ಬ್ಯಾಗ್ ಹಿಂಡುವಷ್ಟು ಒದ್ದೆ. ಮಳೆ ನಿಂತು ಮೋಡ ಸರಿದ ಮೇಲೆ ಚಳಿ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯಿತು. ಪ್ರಾಣಕ್ಕೆ ಏನೂ ಆಗಲಿಲ್ಲ. ಆದರೆ ಆ ಬ್ಯಾಗಿನಲ್ಲಿ ಆಗಿದ್ದ ತಪ್ಪುಗಳಲ್ಲಿ ಒಂದೂ ಅಪರೂಪದ್ದಲ್ಲ. ಅದಕ್ಕೇ ಇಷ್ಟು ವಿವರವಾಗಿ ಬರೆಯಬೇಕಾಗಿದೆ.

ಮೊದಲು ನೀರು ಒಳಗೆ ಬಂದ ದಾರಿ. ರೇನ್ ಕವರ್ ಮುಚ್ಚುವುದು ಬ್ಯಾಗಿನ ಹೊರಮೈ, ಎರಡು ಪಕ್ಕ, ತಲೆ ಮತ್ತು ತಳವನ್ನು ಮಾತ್ರ. ಬೆನ್ನಿಗೆ ಒರಗುವ ಭಾಗ ಪೂರ್ತಿ ತೆರೆದೇ ಇರುತ್ತದೆ. ಕುತ್ತಿಗೆಯಿಂದ ಇಳಿಯುವ ಮಳೆನೀರು, ಜೊತೆಗೆ ಬೆವರು, ಬೆನ್ನಿನ ಸ್ಪಂಜಿಗೆ ಇಂಗುತ್ತದೆ. ಭುಜದ ಪಟ್ಟಿ ಹೊಲಿದ ಕಡೆ ಸೂಜಿ ತೂತುಗಳ ಮೂಲಕ ಒಳಗೆ ಇಳಿಯುತ್ತದೆ. ಇಳಿದ ನೀರು ಕವರಿನ ತಳದಲ್ಲಿ ಬಟ್ಟಲಿನಂತೆ ನಿಲ್ಲುತ್ತದೆ. ಬ್ಯಾಗಿನ ತಳದಲ್ಲಿ ಇಡುವುದು ಏನನ್ನು? ಸ್ಲೀಪಿಂಗ್ ಬ್ಯಾಗನ್ನು. ಅಂದರೆ ಒಣಗಿಯೇ ಇರಬೇಕಾದ ಒಂದೇ ಒಂದು ವಸ್ತುವನ್ನು ನೀರು ನಿಲ್ಲುವ ಜಾಗದಲ್ಲಿ ಕೂರಿಸಿದಂತಾಯಿತು. ಬ್ಯಾಗ್ ಹಳೆಯದಾಗಿದ್ದರೆ ಕಥೆ ಇನ್ನೂ ಕೆಡುತ್ತದೆ. ಬಟ್ಟೆಯ ಒಳಮೈಗೆ ಬಳಿದಿರುವ ಪಾಲಿಯುರಥೇನ್ ಲೇಪ ವರ್ಷಗಳು ಕಳೆದಂತೆ ಗಾಳಿಯ ತೇವಕ್ಕೇ ಕರಗಿ ಅಂಟಂಟಾಗುತ್ತದೆ, ಆಮೇಲೆ ಹೊಟ್ಟಿನ ಹಾಗೆ ಉದುರುತ್ತದೆ. ಬ್ಯಾಗಿನೊಳಗೆ ಕೈ ಹಾಕಿ ಉಜ್ಜಿದಾಗ ಬೆರಳಿಗೆ ಬಿಳಿ ಚೂರು ಹತ್ತಿದರೆ, ಹುಳಿ ವಾಸನೆ ಬಂದರೆ, ಆ ಬಟ್ಟೆ ಇನ್ನು ನೀರು ತಡೆಯುವುದಿಲ್ಲ.

ಇದಕ್ಕೆ ಪರಿಹಾರ ಹೊರಗಿನ ಕವರ್ ಅಲ್ಲ, ಒಳಗಿನ ಲೈನರ್. ಬ್ಯಾಗಿಗಿಂತ ಸ್ವಲ್ಪ ದೊಡ್ಡದಾದ ದಪ್ಪ ಪಾಲಿಥೀನ್ ಚೀಲವೊಂದನ್ನು ಮೊದಲು ಬ್ಯಾಗಿನೊಳಗೆ ಬಿಡಿಸಿ ಕೂರಿಸಿ. ಸ್ಲೀಪಿಂಗ್ ಬ್ಯಾಗ್, ರಾತ್ರಿಯ ಒಣ ಬಟ್ಟೆ, ಬೆಚ್ಚನೆಯ ಜಾಕೆಟ್ ಅದರೊಳಗೆ ಹೋಗಲಿ. ಮೇಲಿಂದ ಒತ್ತಿ ಗಾಳಿ ಹೊರಹಾಕಿ, ಬಾಯನ್ನು ಹಗ್ಗದಂತೆ ತಿರುಚಿ, ಮಡಚಿ ಪಕ್ಕಕ್ಕೆ ತುರುಕಿ. ಗಂಟು ಹಾಕಬೇಡಿ, ಚಳಿಗೆ ಮರಗಟ್ಟಿದ ಬೆರಳಿನಲ್ಲಿ ಗಂಟು ಬಿಚ್ಚಲಾಗದೆ ಚೀಲವನ್ನೇ ಹರಿಯಬೇಕಾಗುತ್ತದೆ. ಸ್ಲೀಪಿಂಗ್ ಬ್ಯಾಗಿಗೆ ಅದರದೇ ಇನ್ನೊಂದು ಜಲನಿರೋಧಕ ಚೀಲ ಇದ್ದರೆ ಒಂದು ಪದರ ಹರಿದರೂ ಭಯವಿಲ್ಲ. ಒದ್ದೆ ಟೆಂಟ್, ಒದ್ದೆ ಮಳೆಕೋಟು ಎಷ್ಟೇ ಅವಸರವಿದ್ದರೂ ಲೈನರಿನ ಹೊರಗೇ ಇರಬೇಕು. ಹೊರಡುವ ಮೊದಲು ಪರೀಕ್ಷೆ ಮಾಡಲು ಒಂದು ಹಳೆಯ ಪತ್ರಿಕೆ ಸಾಕು. ಲೈನರಿನೊಳಗೆ ಬರೀ ಪತ್ರಿಕೆ ತುಂಬಿ, ಬ್ಯಾಗ್ ಕಟ್ಟಿ, ಶವರ್ ಕೆಳಗೆ 15 ನಿಮಿಷ ಬೆನ್ನ ಭಾಗ ಮೇಲಾಗಿ ಇಡಿ. ಕಾಗದದ ಮೇಲೆ ಒಂದು ಬೂದು ಕಲೆ ಕಂಡರೂ ಆ ಲೈನರ್ ಬೇಡ.

ಸ್ಲೀಪಿಂಗ್ ಬ್ಯಾಗ್ ಡೌನಿನದು, ಅಂದರೆ ಒಳಗಿರುವುದು ಬಾತುಕೋಳಿಯ ನವಿರು ಪುಕ್ಕ. ಒಣಗಿದ್ದಾಗ ತೂಕಕ್ಕೆ ಹೋಲಿಸಿದರೆ ಇದರಷ್ಟು ಬೆಚ್ಚಗಿನ ವಸ್ತು ಇಲ್ಲ. ಆದರೆ ಬೆಚ್ಚಗಿಡುವುದು ಪುಕ್ಕವಲ್ಲ, ಪುಕ್ಕ ಉಬ್ಬಿ ಹಿಡಿದಿಟ್ಟ ಗಾಳಿ. ನೆನೆದ ಪುಕ್ಕ ಮುದ್ದೆಯಾಗಿ ಮೂಲೆ ಸೇರುತ್ತದೆ, ಆಮೇಲೆ ಉಳಿಯುವುದು ಎರಡು ಪದರ ತೆಳು ಬಟ್ಟೆ. ಸಿಂಥೆಟಿಕ್ ತುಂಬಿದ್ದು ಭಾರ ಹೆಚ್ಚು, ಗಾತ್ರವೂ ಹೆಚ್ಚು, ಆದರೆ ನೆನೆದರೂ ಸ್ವಲ್ಪವಾದರೂ ಬಿಸಿ ಉಳಿಸುತ್ತದೆ. ದಿನಗಟ್ಟಲೆ ಮಳೆ ಬರುವ ದಾರಿಗೆ ಲೈನರ್ ಇಲ್ಲದೆ ಡೌನ್ ಒಯ್ಯುವುದು ಬೇಡವೇ ಬೇಡ.

ಇನ್ನೊಂದು ಮೋಸಹೋಗುವ ಜಾಗ, ಸ್ಲೀಪಿಂಗ್ ಬ್ಯಾಗಿನ ಮೇಲೆ ಬರೆದ ಡಿಗ್ರಿ. ಈ ಬ್ಯಾಗಿನ ಮೇಲೆ ದೊಡ್ಡದಾಗಿ −5 ಎಂದಿತ್ತು. ಸ್ಲೀಪಿಂಗ್ ಬ್ಯಾಗುಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 23537 ಪ್ರಕಾರ ಪರೀಕ್ಷೆಯಾದ ಬ್ಯಾಗಿಗೆ ಒಂದಲ್ಲ, ಹಲವು ಅಂಕಿಗಳಿರುತ್ತವೆ. ಕಂಫರ್ಟ್ ಅಂದರೆ ಸಾಮಾನ್ಯ ಮೈಕಟ್ಟಿನ ಮಹಿಳೆ ಕೈಕಾಲು ಸಡಿಲಬಿಟ್ಟು ಮಲಗಬಹುದಾದ ಚಳಿ. ಲಿಮಿಟ್ ಅಂದರೆ ಸಾಮಾನ್ಯ ಮೈಕಟ್ಟಿನ ಗಂಡಸು ಮುದುಡಿಕೊಂಡು ಹೇಗೋ ರಾತ್ರಿ ಕಳೆಯಬಹುದಾದ ಚಳಿ. ಎಕ್ಸ್‌ಟ್ರೀಮ್ ಅಂದರೆ ನಿದ್ದೆಯ ಮಾತೇ ಇಲ್ಲ, ಜೀವ ಉಳಿದೀತು ಅನ್ನುವ ಮಟ್ಟ. ಹೊರಗೆ ದೊಡ್ಡಕ್ಷರದಲ್ಲಿ ಅಚ್ಚಾಗಿದ್ದದ್ದು ಲಿಮಿಟ್. ಒಳಗಿನ ಚೀಟಿಯಲ್ಲಿ ಸಣ್ಣದಾಗಿ ಬರೆದಿದ್ದ ಕಂಫರ್ಟ್ 1 ಡಿಗ್ರಿ. ಕೊಳ್ಳುವಾಗ ಕಂಫರ್ಟ್ ಅಂಕಿಯನ್ನೇ ನೋಡಿ. ಅದೂ ನಿಜವಾಗುವುದು ಕೆಳಗೆ ಒಳ್ಳೆಯ ಮ್ಯಾಟ್ ಇದ್ದರೆ, ಯಾಕೆಂದರೆ ಮೈಭಾರಕ್ಕೆ ಬೆನ್ನಡಿಯ ಪುಕ್ಕ ಚಪ್ಪಟೆಯಾಗಿ ನೆಲದ ತಂಡಿ ನೇರ ಮೈಗೆ ಏರುತ್ತದೆ. ಮ್ಯಾಟಿನ ಆರ್-ವ್ಯಾಲ್ಯೂ (ನೆಲದ ತಂಡಿಯನ್ನು ಎಷ್ಟು ತಡೆಯುತ್ತದೆ ಎನ್ನುವ ಅಂಕಿ) ಬೇಸಿಗೆಗೆ 2 ಆದರೂ ನಡೆಯುತ್ತದೆ, ಸೊನ್ನೆ ಡಿಗ್ರಿ ಆಸುಪಾಸಿಗೆ 4 ಬೇಕು, ಹಿಮದ ಮೇಲಾದರೆ 5ಕ್ಕಿಂತ ಹೆಚ್ಚು. ಎರಡು ಮ್ಯಾಟ್ ಒಂದರ ಮೇಲೊಂದು ಹಾಸಿದರೆ ಅಂಕಿಗಳನ್ನು ಕೂಡಿಸಬಹುದು. ಗಾಳಿ ತುಂಬುವ ಮ್ಯಾಟಿನ ಕೆಳಗೆ ತೆಳು ಫೋಮ್ ಹಾಸಿದರೆ ಮುಳ್ಳು ಚುಚ್ಚಿ ಗಾಳಿ ಇಳಿದ ರಾತ್ರಿಯೂ ಏನೋ ಒಂದು ಕೆಳಗಿರುತ್ತದೆ.

ಆ ರಾತ್ರಿ ನಡೆದ ಅತ್ಯಂತ ಅಪಾಯದ ಕೆಲಸ ಬೇರೆಯೇ. ಮೈ ಬೆಚ್ಚಗಾಗಲಿ ಎಂದು ಟೆಂಟಿನ ಜಿಪ್ ಎಳೆದು ಒಳಗೇ ಗ್ಯಾಸ್ ಒಲೆ ಹಚ್ಚಿಕೊಂಡದ್ದು. ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಮುಚ್ಚಿದ ಜಾಗದಲ್ಲಿ ಉರಿಯುವ ಒಲೆ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು ಶುರುವಾದರೆ ದಣಿವಿನಿಂದ ಅಂದುಕೊಂಡು ಮಲಗಿಬಿಡುತ್ತೇವೆ, ಅಲ್ಲಿಗೆ ಮುಗಿಯಿತು. ಇಂಥ ರಾತ್ರಿ ಮಾಡಬೇಕಾದದ್ದು ಇಷ್ಟು: ಒದ್ದೆ ಬಟ್ಟೆ ಪೂರ್ತಿ ಕಳಚಿ, ಇದ್ದಬದ್ದ ಒಣ ಬಟ್ಟೆ ಹಾಕಿ. ಟೆಂಟಿನ ಹೊರಗೆ ನೀರು ಕಾಯಿಸಿ ಗಟ್ಟಿ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು, ಕಾಲುಚೀಲದೊಳಗೆ ಹಾಕಿ ತೊಡೆಗಳ ನಡುವೆ ಇಟ್ಟುಕೊಳ್ಳಿ. ಏನಾದರೂ ತಿನ್ನಿ, ಹೊಟ್ಟೆಯಲ್ಲಿ ಆಹಾರ ಇಲ್ಲದಿದ್ದರೆ ಮೈ ಸಾಕಷ್ಟು ಶಾಖ ಹುಟ್ಟಿಸಲಾರದು. ಖಾಲಿ ಬ್ಯಾಗನ್ನು ಕಾಲಡಿ ಹಾಸಿ. ಒದ್ದೆ ಹತ್ತಿ ಬಟ್ಟೆ ಮೈಮೇಲೆ ಒಣಗಲಿ ಎಂದು ಹಾಗೇ ಮಲಗುವುದು ಮಾತ್ರ ಬೇಡ. ಹತ್ತಿ ನೀರು ಹಿಡಿದಿಟ್ಟುಕೊಂಡು ಗಂಟೆಗಟ್ಟಲೆ ಮೈಯ ಬಿಸಿಯನ್ನು ಹೀರುತ್ತದೆ. ಈ ಬ್ಯಾಗಿನಲ್ಲಿ ಒಂದು ಜೀನ್ಸ್ ಮತ್ತು ನಾಲ್ಕು ಹತ್ತಿ ಟೀಶರ್ಟ್ ಇದ್ದವು.

ಬೆಳಗ್ಗೆ ಬೂಟಿನ ಸರದಿ. ಆರು ವರ್ಷದ ಹಿಂದೆ ಕೊಂಡು ಎರಡೇ ಸಲ ಹಾಕಿ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದ ಬೂಟು. ನೋಡಲು ಹೊಸದು. ಮೂರನೆಯ ದಿನ ಎಡಗಾಲಿನ ಅಟ್ಟೆ ಹಿಮ್ಮಡಿಯಿಂದ ಬಾಯಿ ಬಿಟ್ಟಿತು. ಕಾರಣ ಅಂಟಿನ ದೋಷವಲ್ಲ. ಅಟ್ಟೆಗೂ ಮೇಲ್ಭಾಗಕ್ಕೂ ನಡುವಿನ ಪಾಲಿಯುರಥೇನ್ ಮೆತ್ತೆ ಬಳಸದೆ ಇಟ್ಟರೂ ತೇವಕ್ಕೆ ಒಳಗೊಳಗೇ ಕ್ಷಯಿಸುತ್ತದೆ, ಕೊನೆಗೆ ಒಣ ಬ್ರೆಡ್ಡಿನಂತೆ ಪುಡಿಯಾಗುತ್ತದೆ. ಹಾಗಾಗಿ ದಾರಿಯಲ್ಲಿ ಗೋಂದು ಹಚ್ಚಿ ಫಲವಿಲ್ಲ, ಅಂಟಿಕೊಳ್ಳಲು ಗಟ್ಟಿಯಾದದ್ದೇನೂ ಉಳಿದಿರುವುದಿಲ್ಲ. ಹಿಮ್ಮಡಿಯ ಪಕ್ಕದ ಮೆತ್ತೆಯನ್ನು ಉಗುರಿನಿಂದ ಒತ್ತಿ: ಗುಳಿ ಹಾಗೇ ಉಳಿದರೆ, ಬೂಟನ್ನು ಬಗ್ಗಿಸಿದಾಗ ಕೂದಲೆಳೆಯ ಬಿರುಕು ಕಂಡರೆ, ಆ ಜೋಡಿಯನ್ನು ಕಾಡಿಗೆ ಒಯ್ಯಬೇಡಿ. ಚೆನ್ನಾಗಿ ಕಂಡರೂ ಹೊರಡುವ ಮುನ್ನ ಅದೇ ಭಾರ ಹೊತ್ತು 15ರಿಂದ 20 ಕಿಮೀ ನಡೆದು ನೋಡಿ, ಆದರೆ ಒದ್ದೆ ನೆಲದಲ್ಲೇ. ತುರ್ತಿಗೆ ಗಟ್ಟಿ ಟೇಪನ್ನು ನಾಲ್ಕೈದು ಮೀಟರ್ ನೀರಿನ ಬಾಟಲಿಗೆ ಸುತ್ತಿಟ್ಟುಕೊಂಡಿದ್ದರೆ ಪಾದದ ನಡುಭಾಗಕ್ಕೆ ಬಿಗಿದು ಕುಂಟುತ್ತಾ ವಾಪಸಾಗಬಹುದು.

ಇನ್ನು ಆ 21 ಕೆಜಿ. ಬ್ಯಾಗ್ 2.4, ಟೆಂಟ್ 2.8, ಸ್ಲೀಪಿಂಗ್ ಬ್ಯಾಗ್ 1.4, ಮ್ಯಾಟ್ 0.5, ಬಟ್ಟೆ 3.4, ಒಲೆ, ಗ್ಯಾಸ್, ಪಾತ್ರೆ ಸೇರಿ 1.2, ಆಹಾರ 5.4, ನೀರು 2, ಚಿಲ್ಲರೆ ಸಾಮಾನು 1.9. ಮೈತೂಕದ ಐದನೇ ಒಂದು ಭಾಗ ಅನ್ನುವ ರೂಢಿಯ ಲೆಕ್ಕಕ್ಕೆ ಬರಬೇಕಾದದ್ದು 13 ಕೆಜಿ. ಇಲ್ಲಿ ಮೂರನೇ ಒಂದು ಭಾಗ. ತೂಕ ಇಳಿಸಬೇಕೆಂದಾಗ ಜನ ಮೊದಲು ಆಹಾರಕ್ಕೆ ಕೈ ಹಾಕುತ್ತಾರೆ. ಅದು ತಪ್ಪು. ದಿನಕ್ಕೆ 600 ಗ್ರಾಂ ಈಗಾಗಲೇ ಕಡಿಮೆಯೇ. ಭಾರ ಹೊತ್ತು ದಿನವಿಡೀ ಏರುವ ಮೈಗೆ 3000 ಕಿಲೋಕ್ಯಾಲೊರಿಗೂ ಹೆಚ್ಚು ಬೇಕು. ಕೊಬ್ಬು ಗ್ರಾಮಿಗೆ 9, ಪಿಷ್ಟ 4 ಕೊಡುತ್ತದೆ, ಹಾಗಾಗಿ ಬೀಜಗಳು, ಎಣ್ಣೆ ಇರುವ ಆಹಾರ ಹೆಚ್ಚಿಸಿದರೆ ಅದೇ ತೂಕದಲ್ಲಿ ಹೆಚ್ಚು ಶಕ್ತಿ ಸಿಗುತ್ತದೆ. ಇಳಿಸಬೇಕಾದದ್ದು ಬ್ಯಾಗ್, ಟೆಂಟ್, ಬಟ್ಟೆ. ಒಬ್ಬರಿಗೆ ಇಬ್ಬರ ಟೆಂಟ್ ಯಾಕೆ? ನಡೆಯಲು ಒಂದು ಜೊತೆ, ಮಲಗಲು ಒಂದು ಜೊತೆ, ಕಾಲುಚೀಲ ಮೂರು ಜೊತೆ, ಒಂದು ಬೆಚ್ಚನೆಯ ಜಾಕೆಟ್, ಒಂದು ಮಳೆಕೋಟು ಇದ್ದರೆ ದಿನ ಎಷ್ಟಾದರೂ ಸಾಕು. ಆ 1.9 ಕೆಜಿ ಚಿಲ್ಲರೆಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದಾಗಿ ತೂಗಿ ಬರೆದರೆ ಅರ್ಧ ತಾನೇ ಹೊರಬೀಳುತ್ತದೆ.

ಭಾರ ಕೂತ ಜಾಗವೂ ತಪ್ಪಾಗಿತ್ತು. ನೆನೆದ ಟೆಂಟನ್ನು ಬ್ಯಾಗಿನ ಹೊರಗೆ ಹಿಂದಕ್ಕೆ ಕಟ್ಟಿದ್ದರಿಂದ ಹೆಜ್ಜೆಹೆಜ್ಜೆಗೂ ಹಿಂದಕ್ಕೆ ಜಗ್ಗುತ್ತಿತ್ತು. ಆಹಾರ, ನೀರಿನಂಥ ಭಾರದ್ದು ಬೆನ್ನಿಗೆ ತಾಗಿ, ಭುಜದ ಮೂಳೆಗಳ ನಡುವಿನ ಎತ್ತರದಲ್ಲಿ ಇರಬೇಕು. ಬ್ಯಾಗ್ ಏರಿಸಿದ ಮೇಲೆ ಎಲ್ಲ ಪಟ್ಟಿ ಸಡಿಲಿಸಿ, ಮೊದಲು ಸೊಂಟದ ಬೆಲ್ಟನ್ನು ಸೊಂಟದ ಮೂಳೆಯ ಮೇಲೆ ಬಿಗಿಯಿರಿ, ಆಮೇಲೆ ಭುಜದ್ದು, ಕೊನೆಗೆ ಎದೆಯದು. ಬ್ಯಾಗಿನ ಅಳತೆ ಲೀಟರಿನಲ್ಲಿಲ್ಲ, ಬೆನ್ನಿನ ಉದ್ದದಲ್ಲಿದೆ: ಕತ್ತು ಬಗ್ಗಿಸಿದಾಗ ಏಳುವ ಮೂಳೆಯ ಉಬ್ಬಿನಿಂದ ಸೊಂಟದ ಮೂಳೆಗಳ ತುದಿಯ ಮಟ್ಟದವರೆಗೆ.

ಗ್ಯಾಸ್ 230 ಗ್ರಾಂನ ಒಂದೇ ಡಬ್ಬಿ. ಅರ್ಧ ಲೀಟರ್ ಕುದಿಸಲು 7–8 ಗ್ರಾಂ ಬೇಕು. ದಿನಕ್ಕೆ ಮೂರು ಸಲದಂತೆ ಒಂಬತ್ತು ದಿನಕ್ಕೆ 200 ಗ್ರಾಂ ದಾಟುತ್ತದೆ, ಗಾಳಿ ಬೀಸಿದರೆ ಸಾಲುವುದಿಲ್ಲ. ಬರೀ ಬ್ಯುಟೇನ್ ಇರುವ ಡಬ್ಬಿ ಸೊನ್ನೆ ಡಿಗ್ರಿಯಲ್ಲಿ ಆವಿಯಾಗುವುದೇ ಕಷ್ಟ. ಐಸೋಬ್ಯುಟೇನ್ ಮತ್ತು ಪ್ರೊಪೇನ್ ಬೆರೆತದ್ದು ಬೇಕು.

ಯಾರೂ ಗಮನಿಸದ ಇನ್ನೊಂದು ಹಾನಿ ನೀರಿನ ಫಿಲ್ಟರಿನದು. ಅದು ಇದ್ದದ್ದು ಹೊರಜೇಬಿನಲ್ಲಿ. ಬಳಸಿದ ಫಿಲ್ಟರಿನೊಳಗೆ ಉಳಿದ ನೀರು ಹೆಪ್ಪುಗಟ್ಟಿದರೆ ಸೂಕ್ಷ್ಮ ನಳಿಕೆಗಳು ಸೀಳುತ್ತವೆ. ಹೊರಗೆ ಏನೂ ಕಾಣುವುದಿಲ್ಲ, ನೀರೂ ಎಂದಿನಂತೆ ಬರುತ್ತದೆ, ರೋಗಾಣುವೂ ಜೊತೆಗೆ ಬರುತ್ತದೆ. ಚಳಿ ಇರುವ ರಾತ್ರಿ ಅದನ್ನು ಚೀಲದಲ್ಲಿ ಸುತ್ತಿ ಸ್ಲೀಪಿಂಗ್ ಬ್ಯಾಗಿನೊಳಗೆ ಹಾಕಿಕೊಳ್ಳಿ. ಹೆಪ್ಪುಗಟ್ಟಿರಬಹುದು ಎಂದು ಸಂಶಯ ಬಂದರೂ ಅದನ್ನು ಬಿಟ್ಟು ನೀರನ್ನು 1 ನಿಮಿಷ ಕೊತಕೊತ ಕುದಿಸಿ; 2000 ಮೀಟರಿಗಿಂತ ಎತ್ತರದಲ್ಲಿ 3 ನಿಮಿಷ.

ಇಂಥ ಪ್ರವಾಸದಿಂದ ಮರಳಿದವರು ಒದ್ದೆ ಡೌನನ್ನು ಮೂಟೆ ಕಟ್ಟಿಡಬೇಡಿ, ಎರಡೇ ದಿನಕ್ಕೆ ಮುಗ್ಗುತ್ತದೆ. ದೊಡ್ಡ ಡ್ರೈಯರಿನಲ್ಲಿ ಅತಿ ಕಡಿಮೆ ಶಾಖದಲ್ಲಿ ಎರಡು ಮೂರು ಟೆನಿಸ್ ಚೆಂಡಿನೊಂದಿಗೆ ತಿರುಗಿಸಿ, ಆಗಾಗ ತೆಗೆದು ಗಂಟುಗಳನ್ನು ಕೈಯಲ್ಲಿ ಬಿಡಿಸುತ್ತಿರಿ. ಮುಟ್ಟಲು ಒಣಗಿದಂತಿದ್ದರೂ ಬೆರಳಿಗೆ ಸಣ್ಣ ಉಂಡೆ ಸಿಗುತ್ತಿದ್ದರೆ ಒಳಗೆ ಇನ್ನೂ ತೇವ ಇದೆ. ಇನ್ನೊಂದು ಸುತ್ತು ಹಾಕಿ.