ಕೊನೆಯ ಐದು ನಿಮಿಷಕ್ಕಾಗಿ ಒಂದೂಮುಕ್ಕಾಲು ಗಂಟೆ

‘ದಿ ಯೂಶುವಲ್ ಸಸ್ಪೆಕ್ಟ್ಸ್’ ಸಿನಿಮಾ ಇನ್ನೂ ನೋಡದವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ಕೊನೆಯ ಗುಟ್ಟು ಬಿಚ್ಚದೆ ನನ್ನ ತಕರಾರು ಹೇಳೋಕೆ ಆಗುವುದಿಲ್ಲ.

ಬೆಂಗಳೂರಲ್ಲಿರುವ ಅಣ್ಣನ ಮಗ ಫೋನ್ ಮಾಡಿದಾಗೆಲ್ಲ ಕೇಳುತ್ತಿದ್ದ, ‘ಚಿಕ್ಕಪ್ಪ, ಅದನ್ನ ನೋಡಿದ್ರಾ?’ ಅಂತ. ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಆಷಾಢದ ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಹಾಗಾಗಿ ಶಿವಮೊಗ್ಗಕ್ಕೆ ಹೋದಾಗ ವಿನೋಬನಗರದ ಅಕ್ಕನ ಮನೆಯಲ್ಲಿ, ದೊಡ್ಡ ಟಿವಿಯಲ್ಲಿ, ಭಾವನ ಜೊತೆ ಕೂತು ನೋಡಿದೆ.

1995ರ ಚಿತ್ರ. ನಿರ್ದೇಶಕ ಬ್ರಯಾನ್ ಸಿಂಗರ್. ಕ್ರಿಸ್ಟೋಫರ್ ಮೆಕ್ವಾರಿಯ ಚಿತ್ರಕಥೆಗೂ ಕೆವಿನ್ ಸ್ಪೇಸಿಯ ನಟನೆಗೂ ಆಸ್ಕರ್ ಬಂದಿದೆ. ಲಾಸ್ ಏಂಜಲೀಸ್ ಬಂದರಿನಲ್ಲಿ ಒಂದು ಹಡಗು ಹೊತ್ತಿ ಉರಿದು 27 ಜನ ಸತ್ತಿದ್ದಾರೆ. ಉಳಿದವರಲ್ಲಿ ಕಾಲೆಳೆದು ನಡೆಯುವ ವರ್ಬಲ್ ಕಿಂಟ್ ಒಬ್ಬ. ಕಸ್ಟಮ್ಸ್ ಅಧಿಕಾರಿ ಕುಯಾನ್ ಅವನನ್ನು ಕೂರಿಸಿಕೊಂಡು ನಡೆದದ್ದನ್ನು ಕೇಳುತ್ತಾನೆ. ಇವನು ಹೇಳುತ್ತಾನೆ, ನಾವು ನೋಡುತ್ತೇವೆ. ಈ ಎಲ್ಲದರ ಹಿಂದೆ ಕೈಸರ್ ಸೋಜೆ ಅನ್ನುವ, ಯಾರೂ ಮುಖ ಕಾಣದ ಪಾತಕಿ.

ಮೊದಲರ್ಧ ಗಂಟೆ ಚೆನ್ನಾಗಿದೆ. ಐದು ಜನರನ್ನು ಗೋಡೆಗೆ ಸಾಲಾಗಿ ನಿಲ್ಲಿಸಿ ಒಂದೇ ಮಾತು ಹೇಳಿಸುವ ದೃಶ್ಯದಲ್ಲಿ ನಗು ತಡೆಯಲಿಕ್ಕೆ ಆಗಲಿಲ್ಲ. ಫೆನ್‌ಸ್ಟರ್ ಪಾತ್ರ ಮಾಡಿದ ಬೆನಿಸಿಯೋ ಡೆಲ್ ಟೊರೊ ಮಾತನ್ನು ಬಾಯಲ್ಲೇ ನುಂಗುತ್ತಾನೆ. ಆದರೂ ಕಣ್ಣು ಅವನ ಮೇಲೇ ಇರುತ್ತದೆ. ಅಂಥವನನ್ನು ಕಥೆ ಅರ್ಧದಲ್ಲೇ ಸಾಯಿಸಿ ಮುಂದೆ ಹೋಗುತ್ತದೆ. ಆಮೇಲೆ ಹೆಸರುಗಳೇ ಜಾಸ್ತಿ. ‘ಇವ್ನು ಯಾರು ಈಗ?’ ಅಂತ ಭಾವ ಕೇಳುತ್ತಲೇ ಇದ್ದರು. ನನಗೂ ಪೂರ್ತಿ ಗೊತ್ತಿರಲಿಲ್ಲ.

ನನಗೆ ಹತ್ತಿರವಾದವನು ಕೀಟನ್. ಹಿಂದೆ ಪೊಲೀಸನಾಗಿದ್ದು ದಾರಿ ತಪ್ಪಿದವನು, ಈಗ ನೆಟ್ಟಗೆ ಬದುಕಬೇಕು ಅಂತ ಹೊರಟವನು. ಗೇಬ್ರಿಯಲ್ ಬರ್ನ್ ಆ ದಣಿವನ್ನು ಮುಖದಲ್ಲೇ ತೋರಿಸುತ್ತಾನೆ. ಅವನು ಮತ್ತೆ ಕಳ್ಳತನಕ್ಕೆ ಇಳಿದಾಗ ನಿಜಕ್ಕೂ ಬೇಜಾರಾಯಿತು. ಕೊನೆಗೆ ನೋಡಿದರೆ ಕಿಂಟ್‌ನೇ ಸೋಜೆ! ಎದುರಿನ ಬೋರ್ಡಿನ ಚೀಟಿಗಳಲ್ಲಿ, ಕಾಫಿ ಕಪ್ಪಿನ ತಳದಲ್ಲಿ ಕಂಡ ಹೆಸರುಗಳನ್ನೇ ಪೋಣಿಸಿ ಕಥೆ ಕಟ್ಟಿದ್ದಾನೆ. ಕುಯಾನ್ ಕೈಯಿಂದ ಕಪ್ಪು ಜಾರುವುದು, ಬೀದಿಯಲ್ಲಿ ಆ ಕುಂಟು ಕಾಲು ಮೆಲ್ಲಗೆ ನೆಟ್ಟಗಾಗುವುದು, ಈ ಜೋಡಣೆ ಅದ್ಭುತವಾಗಿದೆ. ಸಂಕಲನವನ್ನೂ ಸಂಗೀತವನ್ನೂ ಜಾನ್ ಆಟ್ಮನ್ ಒಬ್ಬನೇ ಮಾಡಿದ್ದು. ಅದಕ್ಕೇ ಇರಬೇಕು, ಒಂದು ಚೂರೂ ತಾಳ ತಪ್ಪುವುದಿಲ್ಲ.

ಹಾಗಾದರೆ ನಾನು ಮರುಗಿದ್ದು ಯಾವ ಕೀಟನ್‌ಗೆ? ಅವನ ಒದ್ದಾಟದಲ್ಲಿ ನಿಜ ಎಷ್ಟು, ಕಿಂಟ್ ಕಟ್ಟಿದ್ದು ಎಷ್ಟು? ಚಿತ್ರಕ್ಕೆ ಅದರ ಚಿಂತೆಯೇ ಇಲ್ಲ. ನಮ್ಮನ್ನು ಏಮಾರಿಸಿದರೆ ಅದಕ್ಕೆ ಸಾಕು. ನನಗೆ ಸಾಕಾಗಲಿಲ್ಲ.

ನಮ್ಮ ಕಡೆ ಮಳೆಗಾಲ ಅಂದರೆ ತಾಳಮದ್ದಲೆ, ವೇಷ ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ. ವಾಲಿವಧೆ ಪ್ರಸಂಗದಲ್ಲಿ ವಾಲಿ ಸಾಯುತ್ತಾನೆ, ಬಾಣ ಬಿಡುವವನು ರಾಮ, ಮರದ ಮರೆಯಿಂದ ಬಿಡುತ್ತಾನೆ. ಇದೆಲ್ಲ ಕೂತ ಮಕ್ಕಳಿಗೂ ಗೊತ್ತು. ಆದರೂ ಬಿದ್ದ ವಾಲಿ ರಾಮನನ್ನು ಪ್ರಶ್ನೆ ಮಾಡಲು ಶುರು ಮಾಡಿದರೆ ಯಾರೂ ಎದ್ದು ಹೋಗುವುದಿಲ್ಲ. ಪಾತ್ರವಾಗಿ ಮಾತಾಡುವ ಒಳ್ಳೆಯ ಅರ್ಥಧಾರಿ ಸಿಕ್ಕರೆ ಅದೇ ವಾಲಿ ಈ ವರ್ಷ ಬೇರೆ ಥರ ಕಾಡುತ್ತಾನೆ. ಮರೆಯಲ್ಲಿದ್ದವನು ಯಾರು ಅನ್ನುವುದಕ್ಕಿಂತ ಯಾಕೆ ಹೀಗೆ ಮಾಡಿದ ಅನ್ನುವುದು ದೊಡ್ಡ ಪ್ರಶ್ನೆ ಅಲ್ವಾ? ಈ ಚಿತ್ರ ಮೊದಲನೆಯದನ್ನಷ್ಟೇ ಕೇಳುತ್ತದೆ.

‘ಮತ್ತೊಂದ್ಸಲ ನೋಡಿ ಚಿಕ್ಕಪ್ಪ, ಆಗ ಗೊತ್ತಾಗತ್ತೆ’ ಅಂದ ಹುಡುಗ. ಅವನ ಮಾತಿಗೆ ಬೆಲೆ ಕೊಟ್ಟು ಮತ್ತೆ ನೋಡಿದೆ. ಕುಯಾನ್ ಬರುವ ಮೊದಲು ಕಿಂಟ್ ಸುಮ್ನೆ ಕೂತು ಬೋರ್ಡಿನ ಮೇಲೆ ಕಣ್ಣಾಡಿಸುವುದು ಈ ಸಲ ಕಂಡಿತು. ಖುಷಿಯಾಯಿತು. ಕೀಟನ್ ವಿಷಯದಲ್ಲಿ ಮಾತ್ರ ಹೊಸದೇನೂ ಸಿಗಲಿಲ್ಲ. ನೋಡುವುದಾದರೆ ಸಬ್‌ಟೈಟಲ್ ಹಾಕಿಕೊಂಡು ನೋಡಿ, ಫೆನ್‌ಸ್ಟರ್‌ನ ಮಾತು ತಪ್ಪಿಸಿಕೊಳ್ಳಬೇಡಿ.