ಇಬ್ಬರು, ಮೂವರು, ನಾಲ್ವರು: ಅನಿಮಲ್ ಕಲೆಕ್ಟಿವ್ ಆಲ್ಬಂಗಳ ಹೋಲಿಕೆ

ಅನಿಮಲ್ ಕಲೆಕ್ಟಿವ್‌ನ ಆಲ್ಬಂಗಳನ್ನು ಇಸವಿ ಪ್ರಕಾರ ಕೇಳುತ್ತಾ ಹೋದರೆ ತಲೆಬುಡ ಸಿಗುವುದಿಲ್ಲ. ಯಾವ ಆಲ್ಬಂನಲ್ಲಿ ಯಾರಿದ್ದಾರೆ, ತಾಳ ಯಾರ ಕೈಯಲ್ಲಿದೆ ಎಂದು ನೋಡಿಕೊಂಡು ಕೇಳಿದರೆ ಮಾತ್ರ ಹಾದಿ ತಿಳಿಯಾಗುತ್ತದೆ. ಅಮೆರಿಕದ ಮೇರಿಲ್ಯಾಂಡಿನ ಈ ಬ್ಯಾಂಡಿನಲ್ಲಿ ಇರುವುದು ನಾಲ್ವರು: ಏವಿ ಟೇರ್, ಪಾಂಡಾ ಬೇರ್, ಡೀಕಿನ್, ಜಿಯಾಲಜಿಸ್ಟ್. ನಾಲ್ವರೂ ಪ್ರತಿ ಸಲ ಇರಲೇಬೇಕೆಂಬ ಕಟ್ಟಳೆ ಇಲ್ಲ. 2000ದ ಮೊದಲ ಆಲ್ಬಂ ಬಂದದ್ದು ಏವಿ ಟೇರ್ ಮತ್ತು ಪಾಂಡಾ ಬೇರ್ ಹೆಸರಿನಲ್ಲೇ. ಬ್ಯಾಂಡಿನ ಹೆಸರು ಮುಖಪುಟಕ್ಕೆ ಬಂದದ್ದು 2003ರ ‘ಹಿಯರ್ ಕಮ್ಸ್ ದಿ ಇಂಡಿಯನ್’ನಲ್ಲಿ. ಆ ಆಲ್ಬಂಗೆ 2020ರಲ್ಲಿ ‘ಆರ್ಕ್’ ಎಂದು ಮರುನಾಮಕರಣವಾಯಿತು, ಹುಡುಕುವಾಗ ಇದು ನೆನಪಿರಲಿ.

ಹೊಸಬರು ಶುರು ಮಾಡಬೇಕಾದದ್ದು ಇಬ್ಬರ ಆಲ್ಬಂನಿಂದ: 2004ರ ‘ಸಂಗ್ ಟಾಂಗ್ಸ್’. ಏವಿ, ಪಾಂಡಾ ಇಬ್ಬರೇ. ಮುಖ್ಯವಾಗಿ ಅಕೂಸ್ಟಿಕ್ ಗಿಟಾರ್, ಒಂದರ ಮೇಲೊಂದು ಪೇರಿಸಿದ ಕಂಠಗಳು. ಗಿಟಾರಿನ ಮೀಟೇ ಇಲ್ಲಿ ತಾಳ. ಇದರ ಪಕ್ಕಕ್ಕೆ 2003ರ ‘ಕ್ಯಾಂಪ್‌ಫೈರ್ ಸಾಂಗ್ಸ್’ ಇಟ್ಟು ನೋಡಿ. ಅಲ್ಲೂ ಅಕೂಸ್ಟಿಕ್ ಗಿಟಾರೇ, ಡೀಕಿನ್ ಕೂಡ ಇದ್ದಾರೆ. ಆದರೆ ಮನೆಯ ಜಗಲಿಯಲ್ಲಿ ಕೂತು, ಮಿನಿಡಿಸ್ಕ್ ರೆಕಾರ್ಡರ್‌ಗಳಿಗೆ ಒಂದೇ ಏಟಿಗೆ ದಾಖಲಿಸಿದ್ದು. ಹಾಡುಗಳು ಐದೇ, ಅಂಚುಗಳೆಲ್ಲ ಕರಗಿವೆ. ಮೊದಲು ಇದನ್ನು ಕೇಳಿದವರು ಬೇಸತ್ತು ಬ್ಯಾಂಡನ್ನೇ ಬಿಟ್ಟುಬಿಡುವ ಅಪಾಯ ಇದೆ.

ನಾಲ್ವರು ಸೇರಿದಾಗಿನ ಅತ್ಯುತ್ತಮ ಕೆಲಸ ನನ್ನ ಮಟ್ಟಿಗೆ 2005ರ ‘ಫೀಲ್ಸ್’. ಗೆಳೆಯರೊಬ್ಬರ ಶ್ರುತಿ ತಪ್ಪಿದ ಪಿಯಾನೊ ಇದರ ಆಧಾರ. ಗಿಟಾರ್‌ಗಳನ್ನೂ ಅದೇ ಶ್ರುತಿಗೆ ಕೂರಿಸಿಕೊಂಡರು. ಜೊತೆಯಲ್ಲಿ ಗಿಟಾರ್ ನುಡಿಸಲು ಹೊರಟರೆ ಸ್ವರ ಕೂಡದಿರುವುದು ಈ ಕಾರಣಕ್ಕೇ. ಟ್ಯೂನರ್ ಬದಿಗಿಟ್ಟು, ಆಲ್ಬಂ ಹಾಕಿಕೊಂಡು ಕಿವಿಯಿಂದಲೇ ತಂತಿ ಬಿಗಿಯಬೇಕು. 2007ರ ‘ಸ್ಟ್ರಾಬೆರಿ ಜ್ಯಾಮ್’ನಲ್ಲೂ ಅದೇ ನಾಲ್ವರು, ಆದರೆ ಗಿಟಾರ್‌ನ ಮಂಜು ಇಲ್ಲ, ಸ್ಯಾಂಪ್ಲರ್ (ದಾಖಲಿಸಿಟ್ಟ ಸದ್ದಿನ ತುಣುಕುಗಳನ್ನು ನುಡಿಸುವ ಯಂತ್ರ) ಸದ್ದು ಚೂಪಾಗಿದೆ, ಏವಿಯ ಕಿರುಚು ಮಿಕ್ಸ್‌ನಲ್ಲಿ ತೀರ ಮುಂದಿದೆ. ವಾಲ್ಯೂಮ್ ಒಂದು ಹಂತ ಇಳಿಸಿ ಕೇಳಿದರೆ ಪದಗಳು ಸ್ಪಷ್ಟ.

ಮೂವರ ಆಲ್ಬಂಗಳಲ್ಲಿ 2009ರ ‘ಮೆರಿವೆದರ್ ಪೋಸ್ಟ್ ಪೆವಿಲಿಯನ್’ ಎಲ್ಲರಿಗೂ ಗೊತ್ತು. ಡೀಕಿನ್ ಬಿಡುವು ತೆಗೆದುಕೊಂಡರು, ಅವರ ಜೊತೆಗೇ ಗಿಟಾರೂ ಬಹುಪಾಲು ಹೋಯಿತು, ಆ ಜಾಗವನ್ನು ಸ್ಯಾಂಪ್ಲರ್‌ಗಳು ತುಂಬಿದವು. ಹಾಡಿನ ತಳ ಗಟ್ಟಿ ಮಾಡಿದ್ದು ಸಹನಿರ್ಮಾಪಕ ಬೆನ್ ಅಲೆನ್. ಫೋನಿನ ಸ್ಪೀಕರಿನಲ್ಲಿ ಈ ಬೇಸ್ ಪೂರ್ತಿ ಮಾಯವಾಗಿ, ಉಳಿಯುವುದು ಪ್ರತಿಧ್ವನಿ ಮಾತ್ರ. ಒಳ್ಳೆಯ ಹೆಡ್‌ಫೋನ್ ಇಲ್ಲದೆ ಈ ಆಲ್ಬಂ ಬಗ್ಗೆ ತೀರ್ಪು ಕೊಡಬೇಡಿ. ಅದೇ ಮೂವರ 2016ರ ‘ಪೇಂಟಿಂಗ್ ವಿತ್’ ಮಾತ್ರ ಅರ್ಧದಲ್ಲೇ ದಣಿಸುತ್ತದೆ. ಏವಿ ಮತ್ತು ಪಾಂಡಾ ಒಂದೇ ಸಾಲನ್ನು ತುಂಡು ತುಂಡಾಗಿ ಹಂಚಿಕೊಂಡು ಹಾಡುವ ಉಪಾಯ ಚೆಂದವೇ, ಆದರೆ ಅದು ಹಾಡಿನಿಂದ ಹಾಡಿಗೆ ಬಿಡುವಿಲ್ಲದೆ ಬರುತ್ತದೆ. ನಾಲ್ಕು ಹಾಡು ಕೇಳಿ, ನಿಲ್ಲಿಸಿ, ಉಳಿದದ್ದನ್ನು ಮತ್ತೊಮ್ಮೆ ಕೇಳಿ.

ಇವೆರಡರ ನಡುವಿನ 2012ರ ‘ಸೆಂಟಿಪೀಡ್ ಹರ್ಟ್ಸ್’ಗೆ ಡೀಕಿನ್ ಮರಳಿದರು, ಒಂದು ಹಾಡಿಗೆ ಮುಖ್ಯ ಕಂಠವೂ ಅವರದೇ. ಎಲ್ಲರೂ ಒಟ್ಟಿಗೆ ನುಡಿಸುವ ಹುರುಪಿದೆ. ಆದರೆ ಎಲ್ಲ ವಾದ್ಯಗಳೂ ಒಂದೇ ಎತ್ತರದಲ್ಲಿ ಕಿತ್ತಾಡುವುದರಿಂದ ಯಾವುದೂ ಬಿಡಿಯಾಗಿ ಕೇಳುವುದಿಲ್ಲ.

ನಿಜವಾದ ಹೋಲಿಕೆಗೆ ಸಿಗುವ ಜೋಡಿ ಎಂದರೆ 2022ರ ‘ಟೈಮ್ ಸ್ಕಿಫ್ಸ್’ ಮತ್ತು 2023ರ ‘ಇಸಂಟ್ ಇಟ್ ನೌ?’. ಅದೇ ನಾಲ್ವರು, ಒಂದೇ ಕಾಲಕ್ಕೆ ಕಟ್ಟಿಕೊಂಡ ಹಾಡುಗಳು. ಬದಲಾದದ್ದು ರೆಕಾರ್ಡಿಂಗ್ ರೀತಿ. ಮೊದಲನೆಯದನ್ನು ಸಾಂಕ್ರಾಮಿಕದ ದಿನಗಳಲ್ಲಿ ಅವರವರು ಇದ್ದಲ್ಲಿಂದಲೇ ದಾಖಲಿಸಿ ಜೋಡಿಸಿದರು: ಏವಿ ಬೇಸ್ ಗಿಟಾರ್, ಪಾಂಡಾ ಡ್ರಮ್ಸ್, ಡೀಕಿನ್ ಕೀಬೋರ್ಡ್. ಪ್ರತಿ ಪದರವೂ ಬಿಡಿಬಿಡಿಯಾಗಿ ಕೇಳುತ್ತದೆ, ಒಂದಕ್ಕೊಂದು ಅಡ್ಡ ಬರುವುದಿಲ್ಲ. ಎರಡನೆಯದನ್ನು ನಿರ್ಮಾಪಕ ರಸೆಲ್ ಎಲಿವಾಡೊ ಜೊತೆ ಸ್ಟುಡಿಯೊದಲ್ಲಿ ಒಟ್ಟಿಗೆ ನುಡಿಸಿದರು. ಡ್ರಮ್ಸ್‌ಗೆ ಮೈ ಬಂದಿದೆ, ಲಯ ಒಂದಿಷ್ಟು ಹಿಗ್ಗಿ ಕುಗ್ಗುತ್ತದೆ, ಒಂದು ಹಾಡಂತೂ 20 ನಿಮಿಷ ದಾಟುತ್ತದೆ. ಹಾಡಿನ ಕಟ್ಟಡ ಅರಿಯಬೇಕೆಂದಿದ್ದರೆ ಮೊದಲನೆಯದು. ನಾಲ್ವರು ಒಬ್ಬರನ್ನೊಬ್ಬರು ಹೇಗೆ ಆಲಿಸುತ್ತಾರೆ ಎಂಬುದಕ್ಕೆ ಎರಡನೆಯದು. ಇಟ್ಟುಕೊಳ್ಳಲು ಒಂದೇ ಎಂದರೆ ನನ್ನ ಆಯ್ಕೆ ಎರಡನೆಯದು.

ಪಾಂಡಾ ಬೇರ್ ಇಲ್ಲದ ‘ಟ್ಯಾಂಜರೀನ್ ರೀಫ್’ ಬಂದದ್ದು 2018ರಲ್ಲಿ. ಡ್ರಮ್ಸ್ ಹುಡುಕಬೇಡಿ. ಅದು ಕೋರಲ್ ಮಾರ್ಫಾಲಜಿಕ್ ಎಂಬ ಕಲಾ-ವಿಜ್ಞಾನ ಜೋಡಿ ಚಿತ್ರೀಕರಿಸಿದ ಹವಳದ ದೃಶ್ಯಗಳಿಗೆ ಮಾಡಿದ ಸಂಗೀತ. ದೃಶ್ಯವನ್ನು ಬಿಟ್ಟು ಕೇಳಿದರೆ ಅರ್ಧ ಮಾತ್ರ ಸಿಕ್ಕಂತೆ.