ಕೊಳವೆಯನ್ನು ನಿಲ್ಲಿಸಿಟ್ಟು ಓರೆ ಕನ್ನಡಿಯ ತಿರುಪು ಬಿಚ್ಚಬೇಡಿ

ಹೊಸದಾಗಿ ಕನ್ನಡಿ ದೂರದರ್ಶಕ ಕೊಂಡವರು, ಕೊಳ್ಳಬೇಕೆಂದಿರುವವರು ದಯವಿಟ್ಟು ಇದನ್ನು ಓದಿ. 2020ರ ಡಿಸೆಂಬರ್ 19ರ ರಾತ್ರಿ, ಪೆರ್ಲದ ಹತ್ತಿರದ ನಮ್ಮ ಮನೆಯಲ್ಲಿ, ಎರಡು ವಾರ ಚೆನ್ನಾಗಿ ಕೆಲಸ ಮಾಡುತ್ತಿದ್ದ ದೂರದರ್ಶಕವನ್ನು ನಾನು ನನ್ನ ಕೈಯಾರೆ ಹಾಳು ಮಾಡಿದೆ. ಅದೂ ಅದನ್ನು ಯಾವ ದಿನಕ್ಕೆಂದು ಕೊಂಡಿದ್ದೆನೋ ಆ ದಿನಕ್ಕೆ ಎರಡೇ ದಿನ ಇರುವಾಗ.

ಅದರ ಹಿಂದಿನ ವರ್ಷ, 2019ರ ಡಿಸೆಂಬರ್ 26ರಂದು, ಕಂಕಣ ಸೂರ್ಯಗ್ರಹಣ ನಮ್ಮ ಕಾಸರಗೋಡು ಜಿಲ್ಲೆಯ ಮೇಲೆಯೇ ಹಾದುಹೋಗಿತ್ತು. ಅಕ್ಕನ ಮಕ್ಕಳಿಬ್ಬರನ್ನು ಕರೆದುಕೊಂಡು ಚೆರುವತ್ತೂರಿಗೆ ಹೋಗಿ ನೋಡಿ ಬಂದಿದ್ದೆ. ಮನೆಗೆ ಬರುವ ದಾರಿಯಲ್ಲೇ ದೂರದರ್ಶಕ ಕೊಳ್ಳುವ ಮಾತಾಯಿತು. 2020ರ ಡಿಸೆಂಬರ್ 21ರಂದು ಗುರು ಮತ್ತು ಶನಿ ಆಕಾಶದಲ್ಲಿ ಕೇವಲ ಆರು ಕಲೆಗಳ ಅಂತರಕ್ಕೆ, ಅಂದರೆ ಹುಣ್ಣಿಮೆ ಚಂದ್ರನ ಅಗಲದ ಐದನೇ ಒಂದು ಪಾಲಿನಷ್ಟು ಹತ್ತಿರಕ್ಕೆ ಬರುವವರಿದ್ದರು. ಹಾಗೆ ಬಂದದ್ದು ಅದಕ್ಕೆ ಹಿಂದೆ 1623ರಲ್ಲಿ. ಶನಿಯ ಬಳೆ, ಗುರುವಿನ ನಾಲ್ಕು ಚಂದ್ರರು, ಎಲ್ಲವೂ ಒಂದೇ ಐಪೀಸಿನ, ಅಂದರೆ ಕಣ್ಣಿಟ್ಟು ನೋಡುವ ಮಸೂರದ, ಒಳಗೆ ಒಟ್ಟಿಗೆ ಕಾಣುವ ಸಂದರ್ಭ ಅದು. ಅದಕ್ಕೆಂದೇ ಹಣ ಕೂಡಿಟ್ಟು, ಎಂಟು ಇಂಚಿನ ಕನ್ನಡಿಯ, 1200 ಮಿಲಿಮೀಟರ್ ಸಂಗಮದೂರದ ಡಾಬ್ಸೋನಿಯನ್ (ಸರಳ ಪೀಠದ ಮೇಲೆ ತಿರುಗುವ ಕನ್ನಡಿ ದೂರದರ್ಶಕ) ತರಿಸಿದೆ. ಕೊಳವೆಯ ತಳದ ಮುಖ್ಯ ಕನ್ನಡಿ ಬೆಳಕನ್ನು ಕೂಡಿಸುತ್ತದೆ, ಬಾಯಿಯ ಹತ್ತಿರದ ಸಣ್ಣ ಓರೆ ಕನ್ನಡಿ ಅದನ್ನು ಬದಿಯಲ್ಲಿರುವ ಐಪೀಸಿಗೆ ತಿರುಗಿಸುತ್ತದೆ.

ನವೆಂಬರ್ ಕೊನೆಗೆ ಪೆಟ್ಟಿಗೆ ಬಂತು. ಮೊದಲ ಎರಡು ವಾರ ಶನಿಯ ಬಳೆ ಚಂದವಾಗಿಯೇ ಕಂಡಿತು. ಡಿಸೆಂಬರ್ ಮಧ್ಯದಿಂದ ಬಿಂಬ ಕಲಕತೊಡಗಿತು. ಗುರುವಿನ ಪಟ್ಟೆಗಳು ನೀರಿನಡಿಯ ಕಲ್ಲಿನಂತೆ ನಡುಗುತ್ತಿದ್ದವು. ಕನ್ನಡಿಗಳ ಜೋಡಣೆ ತಪ್ಪಿದೆ ಎಂದು ನಾನು ಕೂಡಲೇ ತೀರ್ಮಾನಿಸಿದೆ. ನನ್ನ ಮೊದಲ ತಪ್ಪು ಅದು. ಜೋಡಣೆ ತಪ್ಪಿರಲೇ ಇಲ್ಲ. ಎರಡೂ ಗ್ರಹಗಳು ದಿನದಿನಕ್ಕೆ ಪಡುವಣದಲ್ಲಿ ತಗ್ಗುತ್ತಿದ್ದವು. ಅಂಗಳ ಪೂರ್ತಿ ಅಡಿಕೆ ಹರಡಿತ್ತು, ಹಗಲೆಲ್ಲ ಕಾದ ಸಿಮೆಂಟಿನಿಂದ ಸಂಜೆಯೂ ಬಿಸಿಗಾಳಿ ಏಳುತ್ತಿತ್ತು, ನಾನು ಆ ಬಿಸಿಗಾಳಿಯ ಮೂಲಕವೇ ನೋಡುತ್ತಿದ್ದೆ. ಅದರ ಮೇಲೆ, ಹೆಂಚಿನಡಿಯ ಅಟ್ಟದಲ್ಲಿಟ್ಟಿದ್ದ ದೂರದರ್ಶಕವನ್ನು ಹೊರಗೆ ತಂದ ಐದು ನಿಮಿಷಕ್ಕೆ ಕಣ್ಣಿಡುತ್ತಿದ್ದೆ. ಎಂಟು ಇಂಚಿನ ಗಾಜು ಹೊರಗಿನ ತಂಪಿಗೆ ಹೊಂದಿಕೊಳ್ಳಲು ಒಂದು ಗಂಟೆಯಾದರೂ ಬೇಕು. ಅಷ್ಟರವರೆಗೆ ಕೊಳವೆಯ ಒಳಗೇ ಗಾಳಿ ಕುದಿಯುತ್ತಿರುತ್ತದೆ.

ದೂರದರ್ಶಕದ ಜತೆಗೆ, ಕನ್ನಡಿಗಳ ಜೋಡಣೆ ನೋಡುವ ಅಗ್ಗದ ಒಂದು ಲೇಸರ್ ಕಾಲಿಮೇಟರ್ ತರಿಸಿದ್ದೆ. ಐಪೀಸಿನ ಜಾಗದಲ್ಲಿ ಅದನ್ನು ಕೂರಿಸಿದರೆ ಕೆಂಪು ಚುಕ್ಕೆ ಓರೆ ಕನ್ನಡಿಗೆ ತಾಗಿ ಮುಖ್ಯ ಕನ್ನಡಿಯ ನಡುವಿನ ಗುರುತಿನ ಮೇಲೆ ಬೀಳಬೇಕು. ನನ್ನದು ಬೀಳಲಿಲ್ಲ. ಓರೆ ಕನ್ನಡಿಯ ಮೂರು ಸಣ್ಣ ತಿರುಪುಗಳನ್ನು ತಿರುಗಿಸಿ ಚುಕ್ಕೆಯನ್ನು ಗುರುತಿಗೆ ತಂದೆ. ಖಚಿತಪಡಿಸಿಕೊಳ್ಳಲು ಲೇಸರನ್ನು ತೆಗೆದು ಮತ್ತೆ ಹಾಕಿದೆ, ಚುಕ್ಕೆ ಇನ್ನೊಂದು ಕಡೆಗೆ ಹೋಗಿತ್ತು. ಮತ್ತೆ ತಿರುಗಿಸಿದೆ. ಹೀಗೆ ಮೂರು ರಾತ್ರಿ. ತಿರುಪುಗಳು ಒಂದು ಬದಿಗೆ ಪೂರ್ತಿ ಬಿಗಿದುಕೊಂಡವು, ಇನ್ನೊಂದು ಬದಿಗೆ ಸಡಿಲವಾದವು. ಇನ್ನು ನಡುವಿನ ದೊಡ್ಡ ತಿರುಪನ್ನು ಸಡಿಲಿಸದೆ ದಾರಿಯಿಲ್ಲ ಎನ್ನುವಲ್ಲಿಗೆ ಬಂತು.

ಆ ನಡುವಿನ ತಿರುಪೇ ಓರೆ ಕನ್ನಡಿಯನ್ನು ಹಿಡಿದಿರುವುದು. ಉಳಿದ ಮೂರು ಅದನ್ನು ಒತ್ತುತ್ತವೆ ಅಷ್ಟೆ. ಇದು ನನಗೆ ಗೊತ್ತಿರಲಿಲ್ಲ.

ಕೈಗೆ ಸಿಗಲಿ ಎಂದು ಕೊಳವೆಯನ್ನು ಪೀಠದಿಂದ ತೆಗೆದು, ಬಾಯಿ ಮೇಲಕ್ಕೆ ಮಾಡಿ, ಜಗಲಿಯ ಕಂಬಕ್ಕೆ ಒರಗಿಸಿ ನಿಲ್ಲಿಸಿದ್ದೆ. ಅಳಿಯ, ಅಕ್ಕನ ಮಗ, ಟಾರ್ಚ್ ಹಿಡಿದಿದ್ದ. ತಿರುಪನ್ನು ಎರಡು ಸುತ್ತು ಸಡಿಲಿಸಿದೆ, ಕನ್ನಡಿ ಅಲ್ಲಾಡಲಿಲ್ಲ, ಸ್ಪ್ರಿಂಗಿನ ಒತ್ತಡ ಅದನ್ನು ಹಿಡಿದಿತ್ತು. ಮೂರನೆಯ ಸುತ್ತು, ನಾಲ್ಕನೆಯ ಸುತ್ತು. ಐದನೆಯದಕ್ಕೆ ಅಲೆನ್ ಕೀಯ ತುದಿಯಲ್ಲಿ ಭಾರ ಎನ್ನುವುದೇ ಇಲ್ಲವಾಯಿತು. ಆಮೇಲೆ ಸದ್ದು ಕೇಳಿತು. ಹಿಡಿಕೆ ಸಮೇತ ಕನ್ನಡಿ ಸುಮಾರು ಮೂರು ಅಡಿ ಕೆಳಗೆ ಬಿದ್ದು ಮುಖ್ಯ ಕನ್ನಡಿಗೆ ಬಡಿದಿತ್ತು. ಅಳಿಯ ಟಾರ್ಚನ್ನು ಕೊಳವೆಯೊಳಗೆ ಬಿಟ್ಟು ಇಣುಕಿ, "ಮಾವ, ಕನ್ನಡಿಯ ಅಂಚು ಎದ್ದಿದೆ" ಎಂದ. ಮುಖ್ಯ ಕನ್ನಡಿಯ ಅಂಚಿನಲ್ಲಿ ಒಂದು ಇಂಚಿನಷ್ಟು ಅಗಲಕ್ಕೆ ಚಿಪ್ಪಿನ ಆಕಾರದಲ್ಲಿ ಗಾಜು ಹಾರಿಹೋಗಿತ್ತು. ಓರೆ ಕನ್ನಡಿ ಎರಡು ಹೋಳಾಗಿತ್ತು.

21ರ ಸಂಜೆ ನಾವು ಪೊಸಡಿ ಗುಂಪೆ ಗುಡ್ಡಕ್ಕೆ ಹೋದೆವು. ಅಲ್ಲಿಂದ ಪಡುವಣ ದಿಗಂತ ತೆರೆದಿದೆ, ಕಂಗು ತೆಂಗು ಯಾವುದೂ ಅಡ್ಡವಿಲ್ಲ. ಕತ್ತಲಾಗುತ್ತಿದ್ದಂತೆ ಎರಡೂ ಗ್ರಹಗಳು ಒಂದಕ್ಕೊಂದು ಅಂಟಿದಂತೆ ಬರಿಗಣ್ಣಿಗೆ ಕಂಡವು. ಭಾವನ ಬೈನಾಕ್ಯುಲರ್‌ನಲ್ಲಿ ಎರಡು ಬೇರೆ ಬೇರೆ ಚುಕ್ಕೆಗಳು. ಬಳೆ ಕಾಣಲಿಲ್ಲ. ಇಷ್ಟು ಹತ್ತಿರಕ್ಕೆ ಅವು ಮತ್ತೆ ಬರುವುದು 2080ರ ಮಾರ್ಚ್‌ನಲ್ಲಿ. ಹನ್ನೆರಡು ವರ್ಷದ ಅಳಿಯ ಬೆರಳಲ್ಲಿ ಲೆಕ್ಕ ಹಾಕಿ, ತನಗಾಗ ಎಪ್ಪತ್ತೊಂದು ದಾಟಿರುತ್ತದೆ ಎಂದ. ಅದಕ್ಕೆ ಏನು ಹೇಳಬೇಕೆಂದು ನನಗೆ ತೋಚಲಿಲ್ಲ.

ಲೇಸರ್ ಏಕೆ ಹಾಗೆ ಮಾಡಿತು ಎಂದು ತಿಳಿದದ್ದು ಆಮೇಲೆ. ಒಂದು ಹಲಗೆಗೆ ಎರಡು ಜೊತೆ ಮೊಳೆಗಳನ್ನು ಕತ್ತರಿಯಂತೆ ಓರೆಯಾಗಿ ಹೊಡೆದು, ಅವುಗಳ ಮೇಲೆ ಲೇಸರನ್ನು ಮಲಗಿಸಿ, ಆರು ಮೀಟರ್ ಆಚೆಯ ಸುಣ್ಣದ ಗೋಡೆಗೆ ಬಿಟ್ಟು, ಜಾಗ ಬಿಡದಂತೆ ಮೆಲ್ಲನೆ ಉರುಳಿಸಿದೆ. ನೆಟ್ಟಗಿರುವ ಲೇಸರ್ ಆದರೆ ಚುಕ್ಕೆ ನಿಂತಲ್ಲೇ ನಿಲ್ಲಬೇಕು. ನನ್ನದು ಗೋಡೆಯ ಮೇಲೆ ಕೈಬಳೆಯಷ್ಟು ದೊಡ್ಡ ವೃತ್ತ ಬರೆಯಿತು. ಸೊಟ್ಟಗಿದ್ದದ್ದು ಲೇಸರ್, ನಾನು ತಿದ್ದಲು ಹೊರಟದ್ದು ಕನ್ನಡಿಯನ್ನು. ಮಾರಿದವರಿಗೆ ಬರೆದರೆ, ಅದರೊಳಗಿನ ತಿರುಪುಗಳನ್ನು ನೀವೇ ಸರಿಪಡಿಸಿಕೊಳ್ಳಬಹುದು ಎಂದು ಉತ್ತರ ಬಂತು. ಪೆಟ್ಟಿಗೆಯ ಮೇಲೆ ಆ ಮಾತು ಎಲ್ಲೂ ಇರಲಿಲ್ಲ. ಲೇಸರ್ ಕೊಂಡವರು ಮೊದಲ ದಿನವೇ ಈ ಮೊಳೆಯ ಪರೀಕ್ಷೆ ಮಾಡಿ. ಮಕ್ಕಳ ಕಣ್ಣಿಗೆ ಬೆಳಕು ತಾಗದಂತೆ ನೋಡಿಕೊಳ್ಳಿ.

ಅದಕ್ಕೂ ಮೊದಲು ಆಕಾಶವನ್ನು ಕೇಳಿ. ದೂರದರ್ಶಕವನ್ನು ಒಂದು ಗಂಟೆ ಹೊರಗಿಟ್ಟು, ನೆತ್ತಿಯ ಹತ್ತಿರ ಇರುವ ಒಂದು ಪ್ರಕಾಶಮಾನವಾದ ನಕ್ಷತ್ರವನ್ನು ಹೆಚ್ಚಿನ ವರ್ಧನೆಯಲ್ಲಿ, ಐಪೀಸಿನ ನೋಟದ ನಟ್ಟನಡುವೆ ಹಿಡಿಯಿರಿ. ಡಿಸೆಂಬರ್ ರಾತ್ರಿ ಒಂಬತ್ತರ ಮೇಲೆ ರೋಹಿಣಿ ಅನುಕೂಲವಾಗಿದೆ. ಧ್ರುವ ನಕ್ಷತ್ರ ಅಲುಗದಿರುವುದರಿಂದ ಅದನ್ನೇ ನೋಡಿ ಎಂದು ವೀಡಿಯೊಗಳಲ್ಲಿ ಹೇಳುತ್ತಾರೆ. ನಮ್ಮಲ್ಲಿ ಅದು ದಿಗಂತದಿಂದ ಹನ್ನೆರಡೂವರೆ ಡಿಗ್ರಿಯಷ್ಟೇ ಮೇಲಿದೆ. ತೋಟ, ಗುಡ್ಡ ದಾಟಿ ಕಂಡರೂ ಅಷ್ಟು ತಗ್ಗಿನ ಗಾಳಿಯಲ್ಲಿ ಅದು ನಡುಗುತ್ತಲೇ ಇರುತ್ತದೆ. ಹಿಡಿದ ನಕ್ಷತ್ರವನ್ನು ಫೋಕಸ್‌ನಿಂದ ಸ್ವಲ್ಪ ತಪ್ಪಿಸಿ. ಒಂದರೊಳಗೊಂದು ಸಮವಾಗಿ ಕೂತ ಬಳೆಗಳು ಕಂಡರೆ ಯಾವ ತಿರುಪನ್ನೂ ಮುಟ್ಟಬೇಡಿ. ಬಳೆಗಳು ಒಂದು ಬದಿಗೆ ಒತ್ತರಿಸಿದ್ದರೆ ಮುಖ್ಯ ಕನ್ನಡಿಯ ಹಿಂದಿನ ಮೂರು ತಿರುಪುಗಳಲ್ಲೇ ಸಾಮಾನ್ಯವಾಗಿ ಕೆಲಸ ಮುಗಿಯುತ್ತದೆ. ಬಳೆಗಳು ಸುಮ್ಮನೆ ಕುದಿಯುತ್ತಿದ್ದರೆ ಅದು ಗಾಳಿ. ಕಾಯಬೇಕು, ಅಥವಾ ಬೇರೆ ರಾತ್ರಿ ನೋಡಬೇಕು.

ಹಗಲಲ್ಲಿ ನೋಡಲು ಲೇಸರ್ ಕೂಡ ಬೇಕಿಲ್ಲ. ಐಪೀಸ್ ಕೂರಿಸುವ ಫೋಕಸರಿನ ಒಂದೂಕಾಲು ಇಂಚಿನ ಬಾಯಿಗೆ ಸರಿಯಾಗಿ ಕೂರುವ ಮುಚ್ಚಳದ ನಡುವೆ ಸಣ್ಣ ತೂತು ಕೊರೆದು ಅದರಿಂದ ಇಣುಕಿದರೆ ಸಾಕು. ಓರೆ ಕನ್ನಡಿ ದುಂಡಗೆ ಕಾಣಬೇಕು, ಅದರೊಳಗೆ ಮುಖ್ಯ ಕನ್ನಡಿಯ ಮೂರು ಹಿಡಿಕೆಗಳೂ ಕಾಣಬೇಕು. ಎಲ್ಲಕ್ಕಿಂತ ಒಳಗೆ ಕಾಣುವ ಓರೆ ಕನ್ನಡಿಯ ಕಪ್ಪು ನೆರಳು ತುಸು ಒಂದು ಬದಿಗೆ ಸರಿದಿರುವುದು ಸಹಜ. ಜ್ಯಾಮಿತಿಯೇ ಹಾಗೆ. ಅದನ್ನು ನಡುವಿಗೆ ತರಲು ಹೋಗಬೇಡಿ.

ಓರೆ ಕನ್ನಡಿಯನ್ನು ಮುಟ್ಟಲೇಬೇಕಾದರೆ ಹಗಲಲ್ಲಿ, ಬಿಸಿಲು ಬೀಳದ ಕೋಣೆಯಲ್ಲಿ, ಕೊಳವೆಯನ್ನು ಚಾಪೆಯ ಮೇಲೆ ಅಡ್ಡ ಮಲಗಿಸಿ ಮಾಡಿ. ಆಗ ಅಲೆನ್ ಕೀ ಜಾರಿದರೂ, ಕನ್ನಡಿಯೇ ಕಳಚಿದರೂ ಕೊಳವೆಯ ಗೋಡೆಗೆ ಬೀಳುತ್ತದೆ, ಗಾಜಿನ ಮೇಲಲ್ಲ. ಒಂದು ಕೈ ಹಿಡಿಕೆಯ ಮೇಲಿರಲಿ. ಒಂದು ತಿರುಪನ್ನು ಬಿಗಿಯುವ ಮೊದಲು ಉಳಿದ ಎರಡನ್ನು ಅಷ್ಟೇ ಸಡಿಲಿಸಿ, ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೆ ಬೇಡ. ನಾನು ಈಗ ಅಕ್ಕನ ಉಗುರುಬಣ್ಣದಿಂದ ಪ್ರತಿ ತಿರುಪಿನ ತಲೆಗೂ ಹಿಡಿಕೆಗೂ ಸೇರಿಸಿ ಒಂದು ಗೆರೆ ಎಳೆದಿದ್ದೇನೆ. ಎಷ್ಟು ತಿರುಗಿತೆಂದು ನೋಡಿದೊಡನೆ ತಿಳಿಯುತ್ತದೆ.

ಹೊಸ ಓರೆ ಕನ್ನಡಿ ಮಾರ್ಚ್‌ನಲ್ಲಿ ಬಂತು. ಅಷ್ಟರಲ್ಲಿ ಗುರು, ಶನಿ ದೂರ ದೂರವಾಗಿ ಬೆಳಗಿನ ಜಾವದ ಆಕಾಶ ಸೇರಿದ್ದರು. ಮುಖ್ಯ ಕನ್ನಡಿಯನ್ನು ಬದಲಿಸುವಷ್ಟು ಹಣವಿರಲಿಲ್ಲ. ಗಾಜು ಹಾರಿದ ಜಾಗಕ್ಕೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದೆ, ಅಲ್ಲಿಂದ ಬೆಳಕು ಅಡ್ಡಾದಿಡ್ಡಿ ಚದುರಬಾರದೆಂದು. ಬೆಳಕಿನಲ್ಲಿ ನೂರಕ್ಕೆ ಎರಡು ಪಾಲೂ ಕಡಿಮೆಯಾಗಿಲ್ಲ, ಶನಿಯ ಬಳೆ ಈಗಲೂ ಕಾಣುತ್ತದೆ. ಜೋಡಣೆ ಪರೀಕ್ಷಿಸಲು ರೋಹಿಣಿಯನ್ನು ಮಸುಕು ಮಾಡಿದಾಗ ಮಾತ್ರ, ಬೆಳಕಿನ ತಟ್ಟೆಯ ಅಂಚಿನಲ್ಲಿ ಇಲಿ ಕಡಿದಂತೆ ಒಂದು ಕಪ್ಪು ಗುರುತು ಪ್ರತಿ ಸಲವೂ ಕಾಣಿಸಿಕೊಳ್ಳುತ್ತದೆ.